ಆಟವೂ ಹೌದು, ಕೂಟವೂ ಹೌದು

ಕಾಸರಗೋಡಿನ ಕನ್ನಡ ಮನೆಗಳಲ್ಲಿ ‘ಆಟ’ ಎಂದರೆ ಯಕ್ಷಗಾನ. ‘ನಿನ್ನೆ ರಾತ್ರಿ ಆಟಕ್ಕೆ ಹೋಗಿದ್ದೆ’ ಎಂದವನನ್ನು ಯಾರೂ ಸ್ಕೋರ್ ಎಷ್ಟಾಯಿತು ಎಂದು ಕೇಳುವುದಿಲ್ಲ, ಪ್ರಸಂಗ ಯಾವುದು ಎಂದು ಕೇಳುತ್ತಾರೆ. ಹರಕೆ ಹೊತ್ತವರು ಹಣ ಕೊಟ್ಟು ಆಡಿಸುವುದು ಹರಕೆ ಆಟ. 2025ರ ಆಗಸ್ಟ್ ಕೊನೆಯಲ್ಲಿ ಅಮ್ಮ ಪತ್ರಿಕೆಯಿಂದ ತಲೆಯೆತ್ತಿ, ‘ಹಣ ಕಟ್ಟಿ ಆಡುವ ಆಟಗಳನ್ನೆಲ್ಲ ನಿಲ್ಲಿಸಿದ್ದಾರಂತೆ’ ಎಂದಾಗ, ಕಿವಿ ತುಸು ಮಂದವಾಗಿರುವ ಅಪ್ಪ ಚಾವಡಿಯಿಂದಲೇ ಗಾಬರಿಯಲ್ಲಿ ಕೇಳಿದರು: ‘ಹರಕೆ ಆಟವನ್ನೂ?’

ನಕ್ಕು ಮುಗಿದ ಮೇಲೆ ಅಮ್ಮನ ದೃಷ್ಟಿ ನನ್ನ ತಂಗಿಯ ಮಗನ ಲ್ಯಾಪ್‌ಟಾಪಿನ ಮೇಲೆ ಬಿತ್ತು. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ರಜೆಗೆ ಬಂದವನು. ‘ಅಜ್ಜಿ, ಇದು ಆ ಜಾತಿಯದಲ್ಲ’ ಎಂದ. ‘ಮತ್ತೆ ಯಾವ ಜಾತಿಯದು?’ ಎಂದರು ಅಮ್ಮ. ಹುಡುಗ ಎರಡು ವಾಕ್ಯ ಹೇಳಿ ಸೋತ. ‘ಕಥೆ ಇರುತ್ತದೆ, ನಾವು ಒಂದು ಪಾತ್ರ ಆಗುತ್ತೇವೆ’ ಎಂದರೆ ಅದು ಯಾವ ವಿವರಣೆ?

ಮೊದಲು ಕಾಯ್ದೆಯ ವಿಷಯ ಮುಗಿಸಿಬಿಡುತ್ತೇನೆ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣದ ಮಸೂದೆ ಆಗಸ್ಟ್ 20 ಮತ್ತು 21ರಂದು ಸಂಸತ್ತಿನ ಎರಡೂ ಸದನಗಳಲ್ಲಿ ಅಂಗೀಕಾರವಾಗಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಪಣದ ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಹಳೆಯ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಇ-ಕ್ರೀಡೆಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಆಟಗಳಿಗೆ, ಮತ್ತು ಪಣವಿಲ್ಲದ ಆಟಗಳಿಗೆ ಉತ್ತೇಜನ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ರಮ್ಮಿ ಹೋಯಿತು. ಹುಡುಗನ ಲ್ಯಾಪ್‌ಟಾಪಿನಲ್ಲಿದ್ದ, ಇಂಗ್ಲಿಷಿನಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎನ್ನುವ ಪಾತ್ರಾಭಿನಯದ ಆಟಕ್ಕೆ ಏನೂ ಆಗಲಿಲ್ಲ.

ಆದರೆ ಈ ಗೆರೆ ಅಷ್ಟು ನೇರವಾಗಿಯೂ ಇಲ್ಲ. 2020ರಲ್ಲಿ ಬಂದ ಚೀನಾದ ‘ಗೆನ್‌ಶಿನ್ ಇಂಪ್ಯಾಕ್ಟ್’ ಪಾತ್ರಾಭಿನಯದ ಆಟವೇ, ಆಡುವುದೂ ಉಚಿತ. ಹೊಸ ಪಾತ್ರ ಬೇಕೆಂದರೆ ಮಾತ್ರ ಚೀಟಿ ಎತ್ತಬೇಕು. ಅತಿ ಅಪರೂಪದ, ಐದು ನಕ್ಷತ್ರದ ಪಾತ್ರ ಅಥವಾ ಆಯುಧ ಒಂದು ಚೀಟಿಗೆ ಸಿಗುವ ಮೂಲ ಸಾಧ್ಯತೆ ಶೇ. 0.6. ಯಾವುದಾದರೂ ಒಂದು ಸಿಕ್ಕೇ ಸಿಗುತ್ತದೆ ಎಂಬ ಖಾತರಿ ತೊಂಬತ್ತನೆಯ ಚೀಟಿಗೆ. ಚೀಟಿಗಳನ್ನು ಆಡಿ ಗಳಿಸಬಹುದು, ತಾಳ್ಮೆಯಿಲ್ಲದವರು ಕೊಳ್ಳಬಹುದು. ಇಲ್ಲಿ ಹಣ ವಾಪಸು ಬರುವ ಆಸೆಯೇ ಇಲ್ಲ, ಆದ್ದರಿಂದ ಇದನ್ನು ಜೂಜು ಎನ್ನಬೇಕೋ ಬೇಡವೋ ಎಂದು ವಾದಿಸುತ್ತಲೇ ಇರಬಹುದು. ಸರ್ಕಾರವೇ ಲಾಟರಿ ನಡೆಸುವ ರಾಜ್ಯದ ಬಸ್‌ಸ್ಟ್ಯಾಂಡಿನಲ್ಲಿ, ಚೀಟಿ ಮಾರುವವರ ಕರೆ ಕೇಳುತ್ತ ಬೆಳೆದ ನಮಗೆ ಆ ಸೆಳೆತವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಕರಾರು ಬೇರೆ: ವೇಷ ಕಟ್ಟುವ ಚೌಕಿಯಲ್ಲಿ ಕಿರೀಟವನ್ನು ಚೀಟಿ ಎತ್ತಿ ಹಂಚಿದರೆ ಅಂದಿನ ಆಟ ಏನಾದೀತು?

ಇನ್ನು ‘ಮತ್ತೆ ಯಾವ ಜಾತಿಯದು?’ ಎಂಬ ಅಮ್ಮನ ಪ್ರಶ್ನೆಗೆ ಬರುತ್ತೇನೆ.

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟದ ನಿಯಮಗಳನ್ನು ಅಚ್ಚು ಹಾಕಿಸಿದರು. ಕಂಪ್ಯೂಟರ್ ಇಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ, ಸಂದೇಹ ಬಂದಲ್ಲಿ ದಾಳ ಉರುಳಿಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಕಾಡು, ಕೋಟೆ, ಯುದ್ಧ. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಇದು ನಮ್ಮ ತಾಳಮದ್ದಲೆಯಲ್ಲವೇ! ನಮ್ಮಲ್ಲಿ ವೇಷ ಹಾಕಿ ಕುಣಿದರೆ ಆಟ, ವೇಷವಿಲ್ಲದೆ ಕುಳಿತು ಅರ್ಥ ಹೇಳಿದರೆ ಕೂಟ. ಅವರದು ಕೂಟ.

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ತಾಳಮದ್ದಲೆಯಲ್ಲಿ ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಪದ್ಯ ಅಚ್ಚಾಗಿರುವುದು, ಬದಲಾಗದ್ದು. ಕುಂಬಳೆಯ ಕವಿ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳು ಇಂದಿಗೂ ನಡೆಯುತ್ತಿವೆ. ಆದರೆ ಪದ್ಯದ ನಂತರ ಪಾತ್ರ ವಹಿಸಿದ ಅರ್ಥಧಾರಿ ಆಡುವ ಮಾತು, ಅಂದರೆ ಅರ್ಥ, ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಎದುರು ಕುಳಿತವನು ಏನು ಕೇಳುತ್ತಾನೆಂದು ಇವನಿಗೆ ಗೊತ್ತಿಲ್ಲ, ಇವನು ಏನು ಉತ್ತರಿಸುತ್ತಾನೆಂದು ಅವನಿಗೆ ಗೊತ್ತಿಲ್ಲ. ವಾಲಿ ಸಾಯುವುದು ಖಚಿತ. ಸಾಯುವ ಮೊದಲು ರಾಮನನ್ನು ಎಷ್ಟು ಹೊತ್ತು, ಯಾವ ಮಾತಿನಿಂದ ಕಟಕಟೆಯಲ್ಲಿ ನಿಲ್ಲಿಸುತ್ತಾನೆ ಎನ್ನುವುದು ಮಾತ್ರ ಆ ರಾತ್ರಿಯ ಸ್ವತ್ತು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ್ದ ಅಪ್ಪ, ರಾಮನ ಪಕ್ಷ ವಹಿಸಲು ತಮಗೆ ವಾರ ಹಿಡಿಯಿತು ಎನ್ನುತ್ತಾರೆ.

ಪಾತ್ರಾಭಿನಯದ ಆಟಗಳನ್ನು ಅಳೆಯಲು ನಾನು ಇಟ್ಟುಕೊಂಡಿರುವ ಕೋಲು ಇದೊಂದೇ: ಪ್ರಸಂಗ ಅವರದಿರಲಿ, ಅರ್ಥ ಹೇಳಲು ನನಗೆ ಜಾಗ ಇದೆಯೇ? ಹೇಳಿದ ಅರ್ಥವನ್ನು ಆಟ ಕೇಳಿಸಿಕೊಳ್ಳುತ್ತದೆಯೇ?

ಜನ ಸಾಮಾನ್ಯವಾಗಿ ಈ ಪ್ರಕಾರವನ್ನು ಗುರುತಿಸುವುದು ಬೇರೆ ಲಕ್ಷಣಗಳಿಂದ: ಅನುಭವದ ಅಂಕ, ಹಂತ ಏರುವುದು, ಶಕ್ತಿ-ಬುದ್ಧಿಗಳ ಪಟ್ಟಿ. ಅದೆಲ್ಲ ಬೇಕು, ಇಲ್ಲವೆನ್ನುವುದಿಲ್ಲ. ಮೇಳಕ್ಕೆ ಸೇರಿದ ಹುಡುಗ ಕೋಡಂಗಿಯಿಂದ ಆರಂಭಿಸಿ, ಬಾಲಗೋಪಾಲನಾಗಿ, ತರುಣ ವೀರರ ಪುಂಡುವೇಷ ದಾಟಿ, ಎಷ್ಟೋ ವರ್ಷದ ಮೇಲೆ ದೊಡ್ಡ ವೇಷಕ್ಕೆ ಬಂದಾಗ ಆಗುವ ಸುಖವೇ ಅದು. ಆದರೆ ಬರಿಯ ಏರಿಕೆಯಿಂದ ಕಲಾವಿದ ದೊಡ್ಡವನಾಗುವುದಿಲ್ಲ. 2011ರ ‘ಸ್ಕೈರಿಮ್’ ನನಗೆ ರುಚಿಸದಿರುವುದು ಇದಕ್ಕೇ. ಅದರ ಹಿಮದ ಬೆಟ್ಟಗಳಿಗೆ ಕೈ ಮುಗಿಯುತ್ತೇನೆ. ಆದರೆ ನಾಲ್ಕಾರು ಮಂತ್ರ ಬಿಟ್ಟರೆ ಬೇರೇನೂ ತಿಳಿಯದ ಕತ್ತಿವರಸೆಯವನು ಅಲ್ಲಿ ಮಂತ್ರವಿದ್ಯಾಲಯದ ಮುಖ್ಯಸ್ಥನಾಗಬಹುದು, ಯಾರೂ ತುಟಿ ಬಿಚ್ಚುವುದಿಲ್ಲ. ನಾನು ಯಾರೆಂಬುದನ್ನು ಲೋಕ ಗಮನಿಸುವುದೇ ಇಲ್ಲ ಎಂದ ಮೇಲೆ ಯಾರಾದರೇನು?

ಗಮನಿಸುವುದು ಹೇಗೆಂದು ಕಲಿಸಿದ್ದು 1985ರ ‘ಅಲ್ಟಿಮಾ 4’. ರಿಚರ್ಡ್ ಗ್ಯಾರಿಯಟ್ ಮಾಡಿದ್ದು. ಅದರ ಉಪಶೀರ್ಷಿಕೆಯಲ್ಲಿ ನಮ್ಮದೇ ಒಂದು ಪದ ಇದೆ: ಅವತಾರ. ಈ ಆಟದ ಕೊನೆಯಲ್ಲಿ ಕೊಲ್ಲಬೇಕಾದ ರಕ್ಕಸ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಮೊದಲಾದ ಎಂಟು ಗುಣಗಳಲ್ಲಿ ಪಕ್ವನಾಗಿ ಅವತಾರ ಎನಿಸಿಕೊಳ್ಳುವುದೇ ಗುರಿ. ಔಷಧಿ ಬೇರು ಮಾರುವ ಅಂಗಡಿಯಲ್ಲಿ ಕಣ್ಣು ಕಾಣದ ಅಜ್ಜಿ ಕುಳಿತಿರುತ್ತಾಳೆ. ಎಷ್ಟು ಹಣ ಕೊಡುತ್ತೀಯೆಂದು ಆಟ ನಿಮ್ಮನ್ನೇ ಕೇಳುತ್ತದೆ. ಕಡಿಮೆ ಕೊಟ್ಟರೆ ಅಜ್ಜಿಗೆ ತಿಳಿಯುವುದಿಲ್ಲ, ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆದರೆ ಒಳಗೆಲ್ಲೋ ಪ್ರಾಮಾಣಿಕತೆಯ ಲೆಕ್ಕ ಇಳಿದಿರುತ್ತದೆ. ಬೇರೆಲ್ಲ ಆಟಗಳು ಸಿಕ್ಕಿದ್ದನ್ನು ದೋಚು ಎಂದು ಕಲಿಸಿದ್ದ ಹುಡುಗರಿಗೆ ಇದು ಎಂಥ ಪೆಟ್ಟಾಗಿರಬೇಕು!

ಹತ್ತು ವರ್ಷದ ನಂತರ ಜಪಾನಿನ ‘ಕ್ರೋನೋ ಟ್ರಿಗರ್’ ಅದೇ ಉಪಾಯವನ್ನು ಇನ್ನೂ ಕಿಲಾಡಿತನದಿಂದ ಬಳಸಿತು. ಆರಂಭದಲ್ಲಿ ಒಂದು ಜಾತ್ರೆ. ಯಾರದೋ ಬುತ್ತಿ ಇಟ್ಟಿರುತ್ತದೆ, ಆಟಗಾರ ಅಭ್ಯಾಸಬಲದಿಂದ ತಿಂದುಬಿಡುತ್ತಾನೆ. ಗಂಟೆಗಳ ನಂತರ ನಾಯಕ ನ್ಯಾಯಾಲಯದಲ್ಲಿ ನಿಂತಾಗ ಆ ಬುತ್ತಿಯ ಸಾಕ್ಷಿ ಬರುತ್ತದೆ. ಒಂದು ಮಾತನ್ನೂ ಆಡದ ನಾಯಕ ಅವನು. ಅಷ್ಟೂ ಹೊತ್ತು ಅವನ ಅರ್ಥ ಹೇಳುತ್ತಿದ್ದದ್ದು ನಾನೇ ಎಂದು ಆಗ ಹೊಳೆಯುತ್ತದೆ.

ಮಾತೇ ಸರ್ವಸ್ವವಾದ ಎರಡು ಆಟಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನಲ್ಲಿ ಸಾಯಲಾರದ, ತನ್ನ ಹೆಸರೂ ನೆನಪಿಲ್ಲದ ಒಬ್ಬ ಶವಾಗಾರದಲ್ಲಿ ಎದ್ದು ಕೂರುತ್ತಾನೆ. ಹಿಂದಿನ ಬದುಕುಗಳಲ್ಲಿ ತಾನು ಮಾಡಿದ ಅನ್ಯಾಯಗಳಿಗೆ ತಾನೇ ಉತ್ತರಿಸುತ್ತ ಹೋಗುತ್ತಾನೆ. ಕರ್ಮ ಎಂಬ ಪದವನ್ನು ಉಚ್ಚರಿಸದೆಯೂ ಅದರ ಭಾರವನ್ನು ಹೊರಿಸುವ ಕಥೆ. ಬುದ್ಧಿ, ವಿವೇಕ ಬೆಳೆಸಿಕೊಂಡಿದ್ದರೆ ಕೊನೆಯ ಎದುರಾಳಿಯನ್ನೂ ಮಾತಿನಲ್ಲೇ ಮಣಿಸಬಹುದು. ಇದರ ಪರಿಷ್ಕೃತ ರೂಪ 2017ರಿಂದ ಮೊಬೈಲಿನಲ್ಲೂ ಸಿಗುತ್ತದೆ. ಬೆಲೆಬಾಳುವ ಯಂತ್ರ ಬೇಡ, ಓದುವ ತಾಳ್ಮೆ ಇದ್ದರೆ ಸಾಕು.

ಎರಡನೆಯದು 2019ರ ‘ಡಿಸ್ಕೊ ಎಲೀಸಿಯಂ’. ಎಸ್ಟೋನಿಯಾದ ತಂಡ ಮಾಡಿದ್ದು. ಕುಡಿದು ಎಲ್ಲ ಮರೆತ ಪೊಲೀಸ್ ಪತ್ತೇದಾರನೊಬ್ಬ, ಹಾಸ್ಟೆಲಿನ ಹಿಂದೆ ಮರಕ್ಕೆ ನೇತುಬಿದ್ದ ಒಂದು ಹೆಣ. ಕತ್ತಿ ಹಿಡಿದು ಹೊಡೆದಾಡುವ ಪ್ರಶ್ನೆಯೇ ಇಲ್ಲ. ಅವನ ತಲೆಯೊಳಗೆ ಇಪ್ಪತ್ನಾಲ್ಕು ಸಾಮರ್ಥ್ಯಗಳಿವೆ, ತರ್ಕ, ಅನುಕಂಪ, ಅಧಿಕಾರದ ಗತ್ತು ಹೀಗೆ. ಅವು ಸುಮ್ಮನೆ ಅಂಕಗಳಾಗಿ ಕೂತಿರುವುದಿಲ್ಲ, ಬಾಯಿ ಹಾಕುತ್ತವೆ, ಒಂದನ್ನೊಂದು ಖಂಡಿಸುತ್ತವೆ, ಧೈರ್ಯದಿಂದ ತಪ್ಪು ಸಲಹೆ ಕೊಡುತ್ತವೆ. ಒಬ್ಬನ ತಲೆಯೊಳಗೇ ಇಡೀ ಕೂಟ ನಡೆಯುತ್ತದೆ. ಇದರಲ್ಲಿ ಸೋಲುವುದು ಗೆಲ್ಲುವುದಕ್ಕಿಂತ ರುಚಿ. ಉಳಿದುಕೊಂಡ ಬಾಬ್ತು ಹಣ ಕೊಡದೆ ಓಡಲು ನೋಡಿ, ದಾಳ ಕೈಕೊಟ್ಟು, ಗಾಲಿಕುರ್ಚಿಯಲ್ಲಿ ಕುಳಿತ ಹೆಂಗಸಿನ ಮೇಲೆ ಹೋಗಿ ಬೀಳಬಹುದು. ಆರಂಭದಲ್ಲೇ ಫ್ಯಾನಿಗೆ ಸಿಕ್ಕಿಕೊಂಡ ತನ್ನ ಟೈ ಎಳೆಯಲು ಹೋಗಿ, ದೇಹ ದುರ್ಬಲವಾಗಿದ್ದರೆ ಹೃದಯ ನಿಂತು ಕಥೆಯೇ ಮುಗಿಯಬಹುದು. ಅರ್ಥ ತಪ್ಪಿದಾಗಲೂ ಸಭೆಯನ್ನು ಹಿಡಿದಿಡುವುದು ಹಳೆಯ ಹುಲಿಗಳಿಗೆ ಮಾತ್ರ ಸಾಧ್ಯ. ಈ ಆಟ ಆ ಜಾತಿಯದು.

ಪಾತ್ರವನ್ನು ನಾವೇ ಕಟ್ಟಿಕೊಳ್ಳಬೇಕೆಂದೂ ಇಲ್ಲ. 2015ರ ‘ದಿ ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ಮೊದಲೇ ಸಿದ್ಧವಾದ ವೇಷ. ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಹುಡುಕಿಕೊಡು ಎಂದು ಒಬ್ಬ ಪಾಳೆಯಗಾರ ಅವನಲ್ಲಿ ಬೇಡುತ್ತಾನೆ. ಹುಡುಕುತ್ತ ಹೋದಂತೆ ಹೆಂಡತಿಯನ್ನು ಹೊಡೆಯುತ್ತಿದ್ದವನು ಅವನೇ ಎಂದು ತಿಳಿಯುತ್ತದೆ. ಅವನ ಪಶ್ಚಾತ್ತಾಪವೂ ಸುಳ್ಳಲ್ಲ. ಅವನೊಡನೆ ಗೆರಾಲ್ಟ್ ಯಾವ ದನಿಯಲ್ಲಿ ಮಾತನಾಡಬೇಕು? ‘ಕರ್ಣಭೇದನ’ ಪ್ರಸಂಗದಲ್ಲಿ ಕರ್ಣ ಪಾಂಡವರ ಕಡೆ ಹೋಗುವುದಿಲ್ಲ, ಸಭೆಗೆಲ್ಲ ಗೊತ್ತು. ಸಿಟ್ಟಿನಿಂದ ಬೇಡವೆಂದನೋ, ದುಃಖದಿಂದಲೋ, ಕೃಷ್ಣನನ್ನೇ ಮರುಕದಿಂದ ನೋಡಿದನೋ ಎನ್ನುವುದಕ್ಕಾಗಿ ಜನ ಬೆಳಗಿನವರೆಗೆ ಕೂರುತ್ತಾರೆ.

ಇಷ್ಟೆಲ್ಲ ಕೇಳಿದ ಅಳಿಯ ಎದುರು ಅರ್ಥಕ್ಕೆ ನಿಂತ. ‘ಮಾವ, ನಿಮಗೆ ಕೂಟ ಮಾತ್ರ ಸಾಕು. ಎಲ್ಡನ್ ರಿಂಗ್‌ನಲ್ಲಿ ಮಾತೇ ಇಲ್ಲವಲ್ಲ, ಅದು ದೊಡ್ಡ ಆಟವಲ್ಲವೇ?’ ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. 2022ರ ಆ ಆಟದಲ್ಲಿ ನನ್ನ ಪಾತ್ರ ಆಡುವ ಮಾತು ಸೊನ್ನೆಗೆ ಸಮ. ಆದರೂ ಒಬ್ಬನೇ ವೈರಿಯ ಎದುರು ಮೂವತ್ತು ಸಲ ಸತ್ತು, ಮೂವತ್ತೊಂದನೆಯ ಸಲ ಅವನ ಕತ್ತಿಯ ಬೀಸಿನ ಒಳಗೇ ನುಗ್ಗಿದಾಗ, ನಾನು ಎಂಥವನೆಂದು ಅಲ್ಲಿಯೂ ಏನೋ ಹೇಳಿರುತ್ತೇನೆ. ಗುರಾಣಿ ಹಿಡಿದು ಕಾಯುವವನೇ, ಬರಿಮೈಯಲ್ಲಿ ಹಾರುವವನೇ? ಅದು ಕುಣಿತದ ಅರ್ಥ. ಪುಂಡುವೇಷದ ಹುಡುಗ ದಿಗಿಣ ಹಾಕುತ್ತ ಸುತ್ತಿ ಹಾರುವಾಗ ಯಾರು ಮಾತು ಕೇಳುತ್ತಾರೆ? ಒಪ್ಪಿಕೊಂಡೆ. ನನ್ನ ಕೋಲನ್ನು ಎರಡು ಬೆರಳು ಉದ್ದ ಮಾಡಿದ್ದೇನೆ. ಆದರೂ ರಾತ್ರಿ ಹನ್ನೊಂದಕ್ಕೆ ನಾನು ತೆರೆಯುವುದು ಎಲ್ಡನ್ ರಿಂಗ್ ಅಲ್ಲ.

ಈಗ ಹೊಸ ಗಾಳಿಯೊಂದು ಬೀಸುತ್ತಿದೆ: ಆಟದ ಪಾತ್ರಗಳಿಗೆ ಕೃತಕ ಬುದ್ಧಿಮತ್ತೆಯ ಬಾಯಿ ಕೊಡುವುದು. ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್‌ನಲ್ಲಿ ಅಂಥ ಮಾದರಿಯೊಂದನ್ನು ತೋರಿಸಿತು. ನಾವು ಏನು ಬೇಕಾದರೂ ಕೇಳಬಹುದು, ಪಾತ್ರ ಆಗಲೇ ಉತ್ತರ ಹುಟ್ಟಿಸುತ್ತದೆ. ನನ್ನ ವಾದದ ಪ್ರಕಾರ ನಾನು ಕುಣಿದಾಡಬೇಕಿತ್ತು, ಆಶುಮಾತು ಬಂತಲ್ಲ! ಆದರೆ ಎದುರು ಅರ್ಥ ಹೇಳುವವನಿಗೆ ಬಿಡಲಾಗದ ಒಂದು ಪಟ್ಟು ಇರಬೇಕು. ಕೇಳಿದ್ದಕ್ಕೆಲ್ಲ ವಿನಯದಿಂದ ಉತ್ತರಿಸುವ ಕೌರವನೊಡನೆ ಯಾವ ಸಂಧಾನ, ಯಾವ ಯುದ್ಧ? ಪದ್ಯದ ಕಟ್ಟು ಮರೆತು ಅರ್ಥಧಾರಿ ಎಲ್ಲೆಲ್ಲೋ ಹರಿದರೆ ಭಾಗವತರು ಮುಂದಿನ ಪದ್ಯ ಎತ್ತಿ ಕೂರಿಸುತ್ತಾರೆ. ಯಂತ್ರದ ಮಾತಿಗೆ ಭಾಗವತರು ಯಾರು ಎಂಬುದು ಬಗೆಹರಿಯುವವರೆಗೆ ನನಗೆ ಮೊದಲೇ ಬರೆದಿಟ್ಟು ಪರದೆಯಲ್ಲಿ ತೋರಿಸುವ ನಾಲ್ಕು ಮಾತಿನ ಆಯ್ಕೆಗಳೇ ಸಾಕು.

ಆ ನಾಲ್ಕು ಆಯ್ಕೆಗಳು ಇಂಗ್ಲಿಷಿನಲ್ಲಿರುತ್ತವೆ ಎನ್ನುವುದು ನನ್ನ ದೊಡ್ಡ ಕೊರಗು. ನಾನು ಹೆಸರಿಸಿದ ಆಟಗಳಲ್ಲಿ ಒಂದರಲ್ಲೂ ಕನ್ನಡವಿಲ್ಲ. ಆಶುವಾಗಿ ಗಂಟೆಗಟ್ಟಲೆ ವಾದಿಸುವ ಕಲೆಯನ್ನು ಬೆಳೆಸಿದ ಭಾಷೆಗೆ, ಮಾತೇ ಆಯುಧವಾದ ಆಟದಲ್ಲಿ ಬಾಯಿಲ್ಲ. ಮಾರುಕಟ್ಟೆ ಚಿಕ್ಕದು ಎನ್ನುವುದು ನಿಜ, ಡಿಸ್ಕೊ ಎಲೀಸಿಯಂನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿವೆ ಎಂದರೆ ಅನುವಾದದ ಖರ್ಚು ಊಹಿಸಬಹುದು. ಆದರೆ ಯಾರೂ ಹೆಚ್ಚು ಚರ್ಚಿಸದ ಇನ್ನೊಂದು ತೊಡಕು ವ್ಯಾಕರಣದ್ದು. ಆಟಗಾರ ಯಾವ ಹೆಸರು ಇಟ್ಟುಕೊಳ್ಳುತ್ತಾನೆಂದು ಬರೆಯುವವನಿಗೆ ಗೊತ್ತಿಲ್ಲ. ಆದ್ದರಿಂದ ವಾಕ್ಯದಲ್ಲಿ ಹೆಸರಿನ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಆ ಖಾಲಿ ಜಾಗಕ್ಕೆ ಯಾವ ಹೆಸರು ಬಂದರೂ ನಡೆಯುತ್ತದೆ. ಕನ್ನಡದಲ್ಲಿ ರಾಮನಿಗೆ, ವಾಲಿಗೆ, ಗುರುವಿಗೆ, ಸೀತೆಗೆ. ವಿಭಕ್ತಿ ಹೆಸರಿನ ಬಾಲಕ್ಕೇ ಅಂಟಿಕೊಂಡು, ಬಾಲ ನೋಡಿ ರೂಪ ಬದಲಿಸುತ್ತದೆ. ಕ್ರಿಯಾಪದವಂತೂ ಬಂದನೋ, ಬಂದಳೋ, ಬಂದರೋ ಹೇಳದೆ ಮುಂದೆ ಹೋಗುವುದಿಲ್ಲ. ಲಿಪಿಯದು ಇನ್ನೊಂದು ಗೋಳು. ಆಟ ತಯಾರಿಸುವ ಯೂನಿಟಿ ಎಂಬ ಜನಪ್ರಿಯ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಬಳಸುವ ಅಕ್ಷರ ಮೂಡಿಸುವ ಸಲಕರಣೆ ಒತ್ತಕ್ಷರಗಳನ್ನು ತಾನಾಗಿ ಜೋಡಿಸುವುದಿಲ್ಲ, ‘ಸ್ತ್ರೀ’ ಒಡೆದು ಚೂರಾಗಿ ಕಾಣುತ್ತದೆ. 2023ರಲ್ಲಿ ಬಂದ ಗೊಡೋ ತಂತ್ರಾಂಶದ ನಾಲ್ಕನೆಯ ಆವೃತ್ತಿ ಇದನ್ನು ಸರಿಯಾಗಿ ಮಾಡುತ್ತದೆ, ಅದೂ ಉಚಿತವಾಗಿ. ಸ್ವಂತ ಆಟ ಮಾಡಹೊರಟ ಹುಡುಗರು ಅಲ್ಲಿಂದ ಆರಂಭಿಸಬಹುದು.

ಮಾಡುವುದಾದರೆ ಅನುವಾದವನ್ನೇ ಏಕೆ ಮಾಡಬೇಕು? ಭಾರತದ ಪೈರೋಡ್ಯಾಕ್ಟಿಲ್ ತಂಡ 2014ರಲ್ಲಿಯೇ ‘ಅನ್‌ರೆಸ್ಟ್’ ಎಂಬ ಆಟ ಮಾಡಿತ್ತು. ಪ್ರಾಚೀನ ಭಾರತವನ್ನು ಹೋಲುವ ಬರಪೀಡಿತ ನಗರ, ಖಡ್ಗಕ್ಕಿಂತ ಮಾತಿಗೇ ಹೆಚ್ಚು ಕೆಲಸ. ಚಿಕ್ಕ ತಂಡಕ್ಕೆ ಮಾತಿನ ಆಟವೇ ಅಗ್ಗ ಎಂಬುದನ್ನೂ ಅದು ತೋರಿಸಿತು. ನನಗೆ ಬೇಕಾದ ಆಟ ಕುಂಬಳೆಯ ಪೇಟೆಯಲ್ಲಿ ನಡೆಯುತ್ತದೆ. ಮೀನಿನವಳ ಹತ್ತಿರ ತುಳುವಿನಲ್ಲಿ ಮಾತು ಆರಂಭಿಸಬೇಕೇ, ಮಲಯಾಳದಲ್ಲೇ? ಜವಳಿ ಅಂಗಡಿಯವರ ಬ್ಯಾರಿ ಮಾತು ನನಗೆ ಅರ್ಥವಾಗುತ್ತದೆಂದು ತೋರಿಸಿಕೊಳ್ಳಬೇಕೇ, ಸುಮ್ಮನಿರಬೇಕೇ? ಸರ್ಕಾರಿ ಕಚೇರಿಯ ಕಿಟಕಿಯೆದುರು ಕನ್ನಡದ ಅರ್ಜಿ ಹಿಡಿದು ನಿಂತಾಗ, ಕನ್ನಡದಲ್ಲೇ ಕೇಳುವ ಹಕ್ಕು ಇದೆಯೆಂದು ಗೊತ್ತಿದ್ದೂ, ಸಂಜೆಯ ಬಸ್ಸು ತಪ್ಪಿದರೆ ಎಂದು ಮಲಯಾಳಕ್ಕೆ ಜಾರಬೇಕೇ? ಇಲ್ಲಿ ಹುಟ್ಟಿದವರು ದಿನಕ್ಕೆ ಹತ್ತು ಸಲ ಈ ಆಯ್ಕೆ ಮಾಡುತ್ತೇವೆ, ಮೊದಲ ಪದದಲ್ಲೇ ನಾವು ಯಾರೆಂದು ಎದುರಿನವರು ಲೆಕ್ಕ ಹಾಕಿರುತ್ತಾರೆ. ಜೊತೆಗಾರನೊಬ್ಬ ಅರ್ಧ ಕಥೆಯವರೆಗೆ ‘ನೀವು’ ಎಂದವನು ಒಂದು ಮಳೆಗಾಲದ ರಾತ್ರಿ ‘ನೀನು’ ಎಂದರೆ, ಅದಕ್ಕಿಂತ ದೊಡ್ಡ ತಿರುವು ಯಾವ ರಕ್ಕಸನ ವಧೆಯಲ್ಲಿದೆ? ಇಂಗ್ಲಿಷಿಗೆ ಈ ಸುಖವಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅಳಿಯ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆಟ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’. ಹಳ್ಳಿಯೊಂದರ ಬಾಗಿಲಲ್ಲಿ ಗಾಬ್ಲಿನ್ ಎಂಬ ಕುಳ್ಳ ರಕ್ಕಸರ ಕಾವಲು. ಹುಡುಗ ಆಯ್ಕೆಗಳನ್ನು ಕನ್ನಡಿಸಿ ಓದಿದ: ಬೆದರಿಸಬಹುದು, ಪುಸಲಾಯಿಸಬಹುದು, ಕತ್ತಿ ಹಿರಿಯಬಹುದು. ಅಪ್ಪ ಕಣ್ಣು ಮುಚ್ಚಿ ಯೋಚಿಸಿ, ‘ಮೊದಲು ಸಂಧಾನ’ ಎಂದರು. ಪರದೆಯ ಮೇಲೆ ಇಪ್ಪತ್ತು ಮುಖದ ದಾಳ ಉರುಳಿ ಒಂದಕ್ಕೆ ನಿಂತಿತು. ಅದಕ್ಕಿಂತ ಕೆಟ್ಟ ಅಂಕ ಇಲ್ಲ.

‘ಪರವಾಗಿಲ್ಲ ಅಜ್ಜ, ಉಳಿಸಿಟ್ಟ ಜಾಗದಿಂದ ಮತ್ತೊಮ್ಮೆ ಆಡೋಣ’ ಎಂದು ಹುಡುಗ ಕೈ ಹಾಕಿದ.

‘ಸಭೆಯಲ್ಲಿ ಆಡಿದ ಅರ್ಥವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ?’ ಎಂದು ಅಪ್ಪ ಅವನ ಕೈ ಹಿಡಿದರು. ‘ನಡೆಯಲಿ.’

ನಡೆಯಿತು. ಛಾವಣಿಯಿಂದ ಬಾಣಗಳು ಬಂದವು, ಜೊತೆಗಾರರಲ್ಲಿ ಇಬ್ಬರು ಬಿದ್ದರು, ಹನ್ನೆರಡೂವರೆಯ ಹೊತ್ತಿಗೆ ಉಳಿದವರೂ ಬಿದ್ದರು. ಅಪ್ಪ ಎದ್ದು ಶಾಲು ಹೊದ್ದು, ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು: ‘ನಾಳೆ ಎಷ್ಟು ಗಂಟೆಗೆ?’